ಪೊರೆಯ ಆಚೆಗೂ ನೋಡಿರಿ: ಕರ್ನಾಟಕದ ಪೆಥಾಲಜಿ ವೈದ್ಯರಿಗೆ ಒಂದು ಬಹಿರಂಗ ಪತ್ರ

ನಾಡಿನ ಆಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳಲ್ಲಿಯೂ ಅಂಗಾಂಶ ಪರೀಕ್ಷೆಯ ಹೊಣೆಯನ್ನು ಹೊತ್ತಿರುವ ಪೆಥಾಲಜಿ ವೈದ್ಯರಿಗೆ,

ಮಾನ್ಯರೆ,

ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದವರ ಬಯಾಪ್ಸಿ ವರದಿಯಲ್ಲಿ ಕೆಲವು ವರ್ಷಗಳಿಂದ ಈಚೆಗೆ ‘ಪಿಡಿ-ಎಲ್1, ಟಿಪಿಎಸ್ ಶೇಕಡಾ ಇಷ್ಟು’ ಎಂಬ ಸಾಲೊಂದು ಕಾಣಿಸಿಕೊಳ್ಳತೊಡಗಿದೆ. ಆ ಸಾಲನ್ನು ಬರೆಯುವವರು ನೀವು. ಒಡವೆಗಳನ್ನು ಅಡವಿಟ್ಟಾದರೂ ದುಬಾರಿಯಾದ ಹೊಸ ಔಷಧವನ್ನು ಕೊಡಿಸುವುದೇ, ಇಲ್ಲವೆ ರೂಢಿಯ ಕೀಮೋಥೆರಪಿಯಿಂದಲೇ ತೃಪ್ತರಾಗುವುದೇ ಎಂದು ರೋಗಿಯ ಬಂಧುಗಳು ವೈದ್ಯರೊಡನೆ ಕುಳಿತು ತರ್ಕಿಸುವಾಗ, ಅವರ ನಿರ್ಧಾರವು ಬಹುಮಟ್ಟಿಗೆ ಆ ಒಂದು ಅಂಕಿಯನ್ನೇ ಅವಲಂಬಿಸಿರುತ್ತದೆ. ಆ ಅಂಕಿಯ ಬೆಲೆಯನ್ನು ಕುಂದಿಸುವ ಉದ್ದೇಶ ಈ ಪತ್ರಕ್ಕಿಲ್ಲ. ಅದು ಔಷಧದ ಆಯ್ಕೆಗೆ ಒದಗುವ ಅಂಕಿಯೇ ಹೊರತು ಗಡ್ಡೆಯ ಸ್ವಭಾವವನ್ನು ಪೂರ್ಣವಾಗಿ ತಿಳಿಸುವ ಮಾತಲ್ಲವೆಂಬುದನ್ನೂ, ಪಿಡಿ-ಎಲ್1 ಎಂಬ ಆ ಪ್ರೋಟೀನು ಕೋಶದ ಹೊರಪೊರೆಯ ಮೇಲಲ್ಲದೆ ಕೋಶದ ಒಳಗೂ ನೆಲೆಗೊಂಡು ರೋಗವು ದೇಹದಲ್ಲಿ ಹಬ್ಬುವುದಕ್ಕೆ ನೆರವಾಗಬಲ್ಲದೆಂದು ಈಚಿನ ಸಂಶೋಧನೆಗಳು ತೋರಿಸುತ್ತಿರುವುದರಿಂದ, ಅದನ್ನು ಒಳಗೆ ಕಂಡಾಗ ಕಂಡ ಸ್ಥಾನವನ್ನು ಒಂದು ವಾಕ್ಯದಲ್ಲಾದರೂ ಬರೆದಿಡಬೇಕೆಂಬುದನ್ನೂ ವಿಜ್ಞಾಪಿಸಿಕೊಳ್ಳುವುದಷ್ಟೇ ಇದರ ಆಶಯ.

ಇದು ಬಹಿರಂಗ ಪತ್ರವಾದುದರಿಂದ, ನಿಮಗೆ ಕರತಲಾಮಲಕವಾಗಿರುವ ಕೆಲವು ಸಂಗತಿಗಳನ್ನು ಇತರ ವಾಚಕರ ಸಲುವಾಗಿ ಮೊದಲು ಹೇಳಬೇಕಾಗಿದೆ. ನಮ್ಮ ರಕ್ತದಲ್ಲಿ ಸಂಚರಿಸುವ ಟಿ ಕೋಶಗಳು ಪರಕೀಯವಾದುದನ್ನೂ ವಿಕೃತವಾದುದನ್ನೂ ಗುರುತಿಸಿ ಕೊಲ್ಲಬಲ್ಲವು. ಆ ಉಗ್ರತೆಯು ಮಿತಿಮೀರಿ ಸ್ವಂತ ಅಂಗಾಂಶಗಳ ಮೇಲೆಯೇ ತಿರುಗದಂತೆ ಅವನ್ನು ನಿಗ್ರಹಿಸುವ ಪ್ರೋಟೀನುಗಳೂ ದೇಹದಲ್ಲಿಯೇ ಉಂಟು. ಇವೇ ಇಮ್ಯೂನ್ ಚೆಕ್‌ಪಾಯಿಂಟ್ ಪ್ರೋಟೀನುಗಳು. ಇವುಗಳಲ್ಲಿ ಪಿಡಿ-1 ಎಂಬುದು 1992ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ತಸುಕು ಹೊಂಜೊ ಅವರ ಪ್ರಯೋಗಶಾಲೆಯಲ್ಲಿ ಬೆಳಕಿಗೆ ಬಂದಿತು. ಪಿಡಿ-ಎಲ್1 ಅನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಲೀಪಿಂಗ್ ಚೆನ್ ಅವರ ತಂಡವು 1999ರಲ್ಲಿ ಬೇರೊಂದು ಹೆಸರಿನಿಂದ ವರ್ಣಿಸಿತು. ಇವೆರಡೂ ಪರಸ್ಪರ ಕೂಡತಕ್ಕವೆಂಬುದು ಮರುವರ್ಷವೇ ವಿದಿತವಾಯಿತು. ಟಿ ಕೋಶದ ಪಿಡಿ-1ಕ್ಕೆ ಗಡ್ಡೆಯ ಕೋಶದ ಪಿಡಿ-ಎಲ್1 ತಗುಲಿದೊಡನೆ ಟಿ ಕೋಶದ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಈ ಸಂಯೋಗವನ್ನು ಪ್ರತಿಕಾಯವೊಂದರಿಂದ ತಡೆದರೆ ಕುಗ್ಗಿದ ಶಕ್ತಿ ಮರಳುತ್ತದೆ. ಈ ತತ್ತ್ವದ ಮೇಲೆ ನಿಂತ ನಿವೊಲುಮಾಬ್ ಮತ್ತು ಪೆಂಬ್ರೊಲಿಜುಮಾಬ್ ಎಂಬ ಔಷಧಗಳಿಗೆ 2014ರಲ್ಲಿ ಕ್ರಮವಾಗಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲ ಅನುಮತಿ ದೊರೆಯಿತು. 2018ರಲ್ಲಿ ಹೊಂಜೊ ಅವರಿಗೂ, ಸಿಟಿಎಲ್‌ಎ-4 ಎಂಬ ಇನ್ನೊಂದು ಚೆಕ್‌ಪಾಯಿಂಟನ್ನು ತಡೆಯುವ ಮಾರ್ಗವನ್ನು ತೋರಿಸಿದ ಜೇಮ್ಸ್ ಆಲಿಸನ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಹೀಗೆ ಔಷಧವು ಬಂದುದರ ಬೆನ್ನಿಗೇ ಅಳತೆಯೂ ಬಂದಿತು. ಗಡ್ಡೆಕೋಶಗಳಲ್ಲಿ ಶೇಕಡಾ ಎಷ್ಟರಲ್ಲಿ ಪಿಡಿ-ಎಲ್1 ಇದೆಯೆಂದು ಹೇಳುವ ಟಿಪಿಎಸ್ ಎಂಬ ಅಳತೆಯ ನಿಯಮವನ್ನು ನೀವು ಪ್ರತಿದಿನವೂ ಪಾಲಿಸುತ್ತಿರುವಿರಿ: ಸ್ಲೈಡಿನಲ್ಲಿ ಕನಿಷ್ಠ 100 ಜೀವಂತ ಗಡ್ಡೆಕೋಶಗಳಿರತಕ್ಕದ್ದು, ಅವುಗಳಲ್ಲಿ ಯಾವುಗಳ ಹೊರಪೊರೆಗೆ, ಪೂರ್ಣವಾಗಿಯಾಗಲಿ ಭಾಗಶಃ ಆಗಲಿ, ಮಂದವಾಗಿಯಾಗಲಿ ಗಾಢವಾಗಿಯಾಗಲಿ, ಬಣ್ಣ ಹಿಡಿದಿದೆಯೋ ಅವನ್ನು ಮಾತ್ರ ಎಣಿಸತಕ್ಕದ್ದು, ಕೋಶರಸದಲ್ಲಿ ಕಾಣುವ ಬಣ್ಣವನ್ನು ಗಣನೆಗೆ ತೆಗೆದುಕೊಳ್ಳಬಾರದು. ತಲೆ ಮತ್ತು ಕತ್ತಿನ ಕ್ಯಾನ್ಸರುಗಳಿಗೆ ಬಳಸುವ ಸಿಪಿಎಸ್ ಎಂಬ ಅಳತೆಯಲ್ಲಿ ಲಿಂಫೋಸೈಟುಗಳನ್ನೂ ಮ್ಯಾಕ್ರೋಫೇಜುಗಳನ್ನೂ ಲೆಕ್ಕಕ್ಕೆ ಸೇರಿಸುವುದುಂಟು. ಅವುಗಳಲ್ಲಿ ಕೋಶರಸದ ಬಣ್ಣವೂ ಸಲ್ಲುತ್ತದೆ, ಆದರೆ ಗಡ್ಡೆಯ ಕೋಶದಲ್ಲಿ ಅದೇ ಬಣ್ಣ ಸಲ್ಲದು. ಈ ನಿಯಮಕ್ಕೆ ಸಕಾರಣವಿದೆ. ಔಷಧವಾದ ಪ್ರತಿಕಾಯವು ದೊಡ್ಡ ಅಣು. ಅದರ ಕಾರ್ಯಕ್ಷೇತ್ರ ಮುಖ್ಯವಾಗಿ ಕೋಶದ ಹೊರಮೈ. ಅದು ತಡೆಯಬೇಕಾದ ಸಂಯೋಗವು ನಡೆಯುವುದೂ ಅಲ್ಲಿಯೇ. 305 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟಿಪಿಎಸ್ ಶೇಕಡಾ 50 ಅಥವಾ ಹೆಚ್ಚಾಗಿದ್ದವರಿಗೆ ಪೆಂಬ್ರೊಲಿಜುಮಾಬ್ ಕೊಟ್ಟಾಗ ರೋಗವು ಉಲ್ಬಣಿಸದಿದ್ದ ಅವಧಿಯ ಮಧ್ಯಾಂಕವು ಕೀಮೋಥೆರಪಿಯ 6 ತಿಂಗಳಿಗೆ ಪ್ರತಿಯಾಗಿ 10.3 ತಿಂಗಳಾಯಿತು. ಆದರೆ ಅದೇ ಪ್ರಯೋಗದಲ್ಲಿ ಪೆಂಬ್ರೊಲಿಜುಮಾಬ್ ಪಡೆದವರಲ್ಲಿಯೂ ಗಡ್ಡೆಯು ಗಣನೀಯವಾಗಿ ಕುಗ್ಗಿದುದು ಶೇಕಡಾ 45ರಷ್ಟು ಮಂದಿಯಲ್ಲಿ ಮಾತ್ರ. ಅಂಕಿಯು ಎತ್ತರದಲ್ಲಿದ್ದೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗಡ್ಡೆ ಅಷ್ಟಾಗಿ ಕುಗ್ಗದಿದ್ದುದಕ್ಕೆ ಕಾರಣಗಳು ಅನೇಕವಿರಬಹುದು. ಅವುಗಳಲ್ಲಿ ಒಂದನ್ನಾದರೂ ನಾವು ಎಣಿಸದೆ ಬಿಟ್ಟ ಜಾಗದಲ್ಲಿ ಹುಡುಕಬೇಕಾಗಿದೆ. ಜಗಲಿಯ ಮೇಲೆ ಕುಳಿತವರನ್ನು ಮಾತ್ರ ಎಣಿಸಿ ಮನೆಯ ಸಂಸಾರ ಇಷ್ಟೇ ಎಂದು ತೀರ್ಮಾನಿಸಿದವನಿಗೆ ಒಳಮನೆಯ ವ್ಯವಹಾರ ಹೇಗೆ ತಿಳಿದೀತು?

ಪಿಡಿ-ಎಲ್1 ಎಂಬುದು 290 ಅಮೈನೋ ಆಮ್ಲಗಳ ಸರಪಣಿ. ಅದರ ಬಹುಭಾಗವು ಪೊರೆಯ ಹೊರಕ್ಕೆ ಚಾಚಿಕೊಂಡಿದ್ದು, ಸುಮಾರು 30 ಅಮೈನೋ ಆಮ್ಲಗಳ ಕಿರಿದಾದ ಬಾಲವೊಂದು ಕೋಶದ ಒಳಕ್ಕಿದೆ. ಅಷ್ಟು ಚಿಕ್ಕ ಬಾಲಕ್ಕೆ ವಿಶೇಷ ಕಾರ್ಯವೇನೂ ಇರಲಾರದೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ 2008ರಲ್ಲಿ, ಈ ಪ್ರೋಟೀನು ಕೇವಲ ಟಿ ಕೋಶಕ್ಕೆ ಸಂಜ್ಞೆಯನ್ನು ಕೊಡುವುದಷ್ಟೇ ಅಲ್ಲ, ತನ್ನನ್ನು ಧರಿಸಿರುವ ಗಡ್ಡೆಕೋಶಕ್ಕೇ ಒಳಮುಖವಾಗಿ ಸಂಜ್ಞೆಯನ್ನು ಕಳುಹಿಸಿ ಅದನ್ನು ಸಾವಿನಿಂದ ಪಾರುಮಾಡುತ್ತದೆಂದು ಚೆನ್ ಅವರ ತಂಡವೇ ತೋರಿಸಿತು. 2017ರಲ್ಲಿ ಸ್ಪೇನಿನ ಸಂಶೋಧಕರು ಆ ಕಿರುಬಾಲದಲ್ಲಿಯೇ ಅಡಗಿರುವ ನಿರ್ದಿಷ್ಟ ಅಮೈನೋ ಆಮ್ಲಗಳ ಸಾಲುಗಳನ್ನು ಗುರುತಿಸಿ, ಇಂಟರ್‌ಫೆರಾನ್ ಎಂಬ ರಕ್ಷಕದ್ರವ್ಯದ ಮಾರಕಶಕ್ತಿಯನ್ನು ಗಡ್ಡೆಕೋಶವು ತಾಳಿಕೊಳ್ಳುವುದು ಅವುಗಳ ಬಲದಿಂದಲೇ ಎಂದು ಸ್ಥಾಪಿಸಿದರು.

ಈ ವಿಚಾರಸರಣಿಯಲ್ಲಿ ನನಗೆ ಅತ್ಯಂತ ಗಮನಾರ್ಹವಾಗಿ ಕಾಣುವುದು 2016ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಸ್ಯಾನ್ ಆಂಟೋನಿಯೋದಿಂದ ಪ್ರಕಟವಾದ ಪ್ರಯೋಗ. ಅಲ್ಲಿನ ಸಂಶೋಧಕರು ಇಲಿಯ ಅಂಡಾಶಯದ ಕ್ಯಾನ್ಸರಿನ ಮತ್ತು ಮೆಲನೋಮಾದ ಕೋಶಗಳಲ್ಲಿ ಪಿಡಿ-ಎಲ್1 ಉತ್ಪತ್ತಿಯನ್ನು ತಗ್ಗಿಸಿದರು. ಅಂಥ ಕೋಶಗಳು ಆರೋಗ್ಯವಂತ ಇಲಿಗಳಲ್ಲಿ ನಿಧಾನವಾಗಿ ಬೆಳೆದುದರಲ್ಲಿ ಆಶ್ಚರ್ಯವಿರಲಿಲ್ಲ. ಟಿ ಕೋಶಗಳಿಂದ ಅವನ್ನು ಕಾಪಾಡುವ ಪ್ರೋಟೀನು ಕಡಮೆಯಾದರೆ ಹಾಗೆಯೇ ಆಗತಕ್ಕದ್ದು. ಆದರೆ ಟಿ ಕೋಶಗಳೇ ಇಲ್ಲದ, ರೋಗನಿರೋಧಶಕ್ತಿಯನ್ನು ಬಹುಮಟ್ಟಿಗೆ ಕಳೆದ ಇಲಿಗಳಲ್ಲಿಯೂ ಅವು ನಿಧಾನವಾಗಿಯೇ ಬೆಳೆದವು. ಕಾದಾಡುವ ಎದುರಾಳಿಯೇ ಇಲ್ಲದ ದೇಹದಲ್ಲಿಯೂ ಪಿಡಿ-ಎಲ್1 ತಗ್ಗಿದ ಕೋಶವು ನಿಧಾನವಾಗಿಯೇ ಬೆಳೆಯಿತೆಂದರೆ, ಆ ಪ್ರೋಟೀನು ಕೋಶದೊಳಗೆ ಬೇರೆ ಕಾರ್ಯವನ್ನು ನಡೆಸುತ್ತಿದ್ದಿತೆಂದಲ್ಲವೆ ಅರ್ಥ? ಕೋಶದ ಆಹಾರ, ಬೆಳವಣಿಗೆಗಳನ್ನು ನಿಯಂತ್ರಿಸುವ ಎಂಟಾರ್ ಎಂಬ ಪಥವನ್ನು ಅದು ಚುರುಕುಗೊಳಿಸುತ್ತಿತ್ತು. ಕೋಶವು ತನ್ನ ಭಾಗಗಳನ್ನೇ ತಾನು ಜೀರ್ಣಿಸಿಕೊಳ್ಳುವ ಆಟೋಫ್ಯಾಜಿಯನ್ನು ಹತ್ತಿಕ್ಕುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ, ಪಿಡಿ-ಎಲ್1 ಕುಂದಿದ ಕೋಶಗಳಿಗೆ ಶ್ವಾಸಕೋಶಕ್ಕೆ ಹೋಗಿ ನೆಲಸುವ ಸಾಮರ್ಥ್ಯವೂ ಕುಂದಿತ್ತು; ಪ್ರತಿಕಾಯವನ್ನು ಕೊಟ್ಟಾಗ ನಿರೋಧಶಕ್ತಿಯಿಲ್ಲದ ಇಲಿಗಳಲ್ಲಿಯೂ ಹರಡುವಿಕೆ ತಗ್ಗಿತು. ಇದಕ್ಕೆ ಒಂದು ವರ್ಷದ ಹಿಂದೆ, ಮೆಲನೋಮಾದ ಕೆಲವು ಕೋಶಗಳು ಪಿಡಿ-1 ಅನ್ನೇ ತಾವೂ ತಯಾರಿಸುವುವೆಂದೂ, ಅದೂ ಎಂಟಾರ್ ಪಥದ ಮೂಲಕವೇ ಗಡ್ಡೆಯ ಬೆಳವಣಿಗೆಗೆ ಇಂಬುಗೊಡುವುದೆಂದೂ ಬಾಸ್ಟನ್ನಿನ ತಂಡವೊಂದು ವರದಿಮಾಡಿತ್ತು.

ಕ್ಯಾನ್ಸರಿನಿಂದ ಸಂಭವಿಸುವ ಮರಣಗಳಲ್ಲಿ ಬಹುಪಾಲಿಗೆ ಕಾರಣವಾಗುವುದು ಮೂಲದ ಗಡ್ಡೆಗಿಂತ ಅದರ ಹರಡುವಿಕೆ. ಹರಡುವಿಕೆಯೆಂಬುದು ಒಂದೇ ಘಟನೆಯಲ್ಲ: ಕೋಶವು ನೆರೆಯ ಕೋಶಗಳ ಹಿಡಿತದಿಂದ ಬಿಡಿಸಿಕೊಳ್ಳಬೇಕು, ರಕ್ತನಾಳವನ್ನೋ ದುಗ್ಧನಾಳವನ್ನೋ ಪ್ರವೇಶಿಸಬೇಕು, ಪ್ರವಾಹದಲ್ಲಿ ಬದುಕಿ ಉಳಿಯಬೇಕು, ಅಪರಿಚಿತವಾದ ಅಂಗದಲ್ಲಿ ಬೇರೂರಬೇಕು. ಈ ಹಂತಗಳಲ್ಲಿ ಹಲವೆಡೆ ಪಿಡಿ-ಎಲ್1 ಕೈವಾಡ ಕಂಡುಬಂದಿದೆ. ಎಪಿಥೀಲಿಯಲ್ ಕೋಶವು ತನ್ನ ಕ್ರಮಬದ್ಧವಾದ ಆಕಾರವನ್ನು ತೊರೆದು ಸಂಚಾರಿಯಾದ ಮೆಸೆಂಕೈಮಲ್ ರೂಪವನ್ನು ತಾಳುವ ಪರಿವರ್ತನೆಯು ಮೊದಲ ಹಂತಕ್ಕೆ ಸೇರಿದುದು. ಆ ಪರಿವರ್ತನೆಗೆ ಮುಂದಾಳಾದ ಜೆಬ್1 ಎಂಬ ಪ್ರೋಟೀನು, ಪಿಡಿ-ಎಲ್1 ಉತ್ಪತ್ತಿಯನ್ನು ಅಂಕೆಯಲ್ಲಿಟ್ಟಿರುವ ಮೈಕ್ರೋ ಆರ್‌ಎನ್‌ಎ-200 ಎಂಬ ಕಿರಿಯ ಅಣುಗಳನ್ನು ಅಡಗಿಸಿಬಿಡುತ್ತದೆಂಬುದನ್ನು 2014ರಲ್ಲಿ ಹ್ಯೂಸ್ಟನ್ನಿನ ಸಂಶೋಧಕರು ಶ್ವಾಸಕೋಶದ ಕ್ಯಾನ್ಸರಿನಲ್ಲಿ ತೋರಿಸಿದರು. ಎಂದರೆ ಕೋಶವು ಸಂಚಾರಕ್ಕೆ ಸಿದ್ಧವಾಗುವುದೂ ಪಿಡಿ-ಎಲ್1 ಅನ್ನು ಹೆಚ್ಚಿಸಿಕೊಳ್ಳುವುದೂ ಒಂದೇ ಆಜ್ಞೆಯ ಎರಡು ಫಲಗಳು. ಅದೇ ನಗರದಿಂದ 2016ರಲ್ಲಿ ಬಂದ ಇನ್ನೊಂದು ವರದಿಯು, ದೊಡ್ಡಕರುಳಿನ ಮತ್ತು ಪ್ರಾಸ್ಟೇಟಿನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಅಲೆಯುತ್ತಿದ್ದ ಗಡ್ಡೆಕೋಶಗಳನ್ನು ಹಿಡಿದು ನೋಡಿದಾಗ ಅವುಗಳ ಕೋಶಕೇಂದ್ರದೊಳಗೆ ಪಿಡಿ-ಎಲ್1 ಕಂಡುಬಂದಿತೆಂದೂ, ಹಾಗೆ ಕಂಡವರ ಆಯುಷ್ಯವು ಮೊಟಕಾಗಿದ್ದಿತೆಂದೂ ತಿಳಿಸಿತು.

ಪೊರೆಗೆ ಸೇರಿದ ಪ್ರೋಟೀನಿಗೆ ಕೋಶಕೇಂದ್ರದಲ್ಲಿ ಏನು ಕೆಲಸ? 2020ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಈ ಪ್ರಶ್ನೆಯನ್ನು ಎರಡು ದಿಕ್ಕುಗಳಿಂದ ಬಿಡಿಸಿದವು. ಒಂದರ ಪ್ರಕಾರ, ಪಿಡಿ-ಎಲ್1 ಬಾಲದಲ್ಲಿರುವ ಲೈಸಿನ್ ಒಂದಕ್ಕೆ ಅಸಿಟೈಲ್ ಗುಂಪು ಅಂಟಿಕೊಂಡಿರುವವರೆಗೆ ಪ್ರೋಟೀನು ಪೊರೆಯಲ್ಲಿಯೇ ನಿಲ್ಲುತ್ತದೆ. ಎಚ್‌ಡ್ಯಾಕ್2 ಎಂಬ ಕಿಣ್ವವು ಆ ಗುಂಪನ್ನು ಕಳಚಿದರೆ ಪ್ರೋಟೀನು ಒಳಸರಿದು ಕೋಶಕೇಂದ್ರವನ್ನು ಸೇರಿ, ಅಲ್ಲಿ ನಿರೋಧಶಕ್ತಿಗೆ ಸಂಬಂಧಪಟ್ಟ ಜೀನುಗಳ ಕಾರ್ಯವನ್ನು ಮಾರ್ಪಡಿಸುತ್ತದೆ. ಆ ಕಿಣ್ವವನ್ನು ತಡೆದಾಗ ಇಲಿಗಳಲ್ಲಿ ಪಿಡಿ-1 ವಿರೋಧಿ ಚಿಕಿತ್ಸೆಯ ಫಲವು ಹೆಚ್ಚಿತು. ಇನ್ನೊಂದರ ಪ್ರಕಾರ, ಆಮ್ಲಜನಕವು ವಿರಳವಾದ ಗಡ್ಡೆಯ ಒಡಲಲ್ಲಿ ಪಿಡಿ-ಎಲ್1 ಸ್ಟ್ಯಾಟ್3 ಎಂಬ ಪ್ರೋಟೀನಿನೊಡಗೂಡಿ ಕೇಂದ್ರವನ್ನು ಹೊಕ್ಕು ಗ್ಯಾಸ್‌ಡರ್ಮಿನ್-ಸಿ ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಏರಿಸುತ್ತದೆ. ಅದರಿಂದಾಗಿ, ಶಾಂತವಾಗಿ ಸಾಯಬೇಕಾಗಿದ್ದ ಕೋಶಗಳು ಒಡೆದು ಉರಿಯೂತವನ್ನು ಹಬ್ಬಿಸುವ ಬೇರೊಂದು ಬಗೆಯ ಮರಣವನ್ನು ಹೊಂದುತ್ತವೆ. 2019ರಲ್ಲಿ ಮೇಯೋ ಕ್ಲಿನಿಕ್ಕಿನಿಂದಲೇ ಬಂದ ವರದಿಯು, ಕೋಶದೊಳಗಿನ ಪಿಡಿ-ಎಲ್1 ಆರ್‌ಎನ್‌ಎ ತುಣುಕುಗಳಿಗೆ ಅಂಟಿಕೊಂಡು ಡಿಎನ್‌ಎ ದುರಸ್ತಿಗೆ ಬೇಕಾದ ಸಂದೇಶಗಳನ್ನು ನಾಶವಾಗದಂತೆ ಕಾಯುತ್ತದೆಂದೂ, ಆದಕಾರಣ ಅಂಥ ಕೋಶಗಳು ವಿಕಿರಣ ಚಿಕಿತ್ಸೆಯನ್ನು ಹೆಚ್ಚು ತಾಳಿಕೊಳ್ಳುವುವೆಂದೂ ಹೇಳಿತು. ಇವುಗಳ ಜೊತೆಗೆ, ಪೊರೆಯಿಂದ ಒಳಕ್ಕೆ ಎಳೆಯಲ್ಪಟ್ಟ ಪಿಡಿ-ಎಲ್1 ನಾಶವಾಗದೆ ಮತ್ತೆ ಹೊರಮೈಗೆ ಮರಳುವಂತೆ ಸಿಎಂಟಿಎಂ6 ಎಂಬ ಸಹಚರ ಪ್ರೋಟೀನು ನೋಡಿಕೊಳ್ಳುತ್ತದೆಂದು 2017ರಲ್ಲಿ ಎರಡು ತಂಡಗಳು ಏಕಕಾಲದಲ್ಲಿ ಪ್ರಕಟಿಸಿದುದನ್ನು ನೆನೆದರೆ, ಒಳಗಿನ ದಾಸ್ತಾನೂ ಹೊರಗಿನ ಲೆಕ್ಕವೂ ಪರಸ್ಪರ ಸಂಬಂಧವಿಲ್ಲದವುಗಳಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಷ್ಟನ್ನು ಓದಿ, ಗಡ್ಡೆಕೋಶದ ಒಳಗಿರುವ ಚೆಕ್‌ಪಾಯಿಂಟ್ ಪ್ರೋಟೀನುಗಳೆಲ್ಲವೂ ಕ್ಯಾನ್ಸರಿನ ಮಿತ್ರರೇ ಎಂದು ನಿಶ್ಚಯಿಸುವುದು ಆತುರವಾದೀತು. ಟಿ ಕೋಶವೇ ಕ್ಯಾನ್ಸರಾಗಿ ಪರಿಣಮಿಸಿದ ಲಿಂಫೋಮಾಗಳಲ್ಲಿ ಪಿಡಿ-1 ಆ ಕೋಶವನ್ನು ಹತೋಟಿಯಲ್ಲಿಡುವ ಹಿತಕಾರಿಯೆಂದು 2017ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದರು. ಮರುವರ್ಷವೇ ಆ ಮಾತಿಗೆ ದುಃಖಕರವಾದ ಪ್ರಮಾಣವೊಂದು ಮನುಷ್ಯರಲ್ಲಿ ದೊರೆಯಿತು: ವಯಸ್ಕರ ಟಿ ಕೋಶ ಲುಕೀಮಿಯಾ-ಲಿಂಫೋಮಾದಿಂದ ಬಳಲುತ್ತಿದ್ದ ಮೂವರಿಗೆ ನಿವೊಲುಮಾಬನ್ನು ಒಂದೇ ಬಾರಿ ಕೊಟ್ಟ ಬಳಿಕ ಅವರ ರೋಗವು ಅತಿ ವೇಗವಾಗಿ ಉಲ್ಬಣಿಸಿತು. ಶ್ವಾಸಕೋಶದ ಕೆಲವು ಗಡ್ಡೆಕೋಶಗಳಲ್ಲಿಯೂ ಪಿಡಿ-1 ಬೆಳವಣಿಗೆಯನ್ನು ತಡೆಯುವ ಪಕ್ಷದಲ್ಲಿದೆಯೆಂಬ ವರದಿಗಳುಂಟು. ಒಂದು ಗಡ್ಡೆಯಲ್ಲಿ ವೇಗವರ್ಧಕವಾದುದು ಮತ್ತೊಂದರಲ್ಲಿ ನಿಯಾಮಕವಾಗಬಲ್ಲದು. ಮೇಲೆ ಹೇಳಿದ ಸಾಕ್ಷ್ಯದ ಬಹುಭಾಗವು ಇಲಿಗಳಿಂದಲೂ ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಕೋಶಗಳಿಂದಲೂ ಬಂದುದೆಂಬುದನ್ನೂ ಮರೆಯಲಾಗದು. ಆದರೆ ಈ ಅನಿಶ್ಚಯವೇ ನನ್ನ ವಿಜ್ಞಾಪನೆಗೆ ಬಲವನ್ನು ಕೊಡುತ್ತದೆ: ಯಾವ ರೋಗದಲ್ಲಿ, ಯಾವ ಅಂಗದಲ್ಲಿ, ಯಾವ ಹಂತದಲ್ಲಿ ಈ ಪ್ರೋಟೀನುಗಳು ಕೋಶದ ಯಾವ ಭಾಗದಲ್ಲಿರುತ್ತವೆಂಬುದನ್ನು ಮನುಷ್ಯರ ಅಂಗಾಂಶದಲ್ಲಿ ನೋಡಿ ಹೇಳಬಲ್ಲವರು ನಿಮ್ಮನ್ನುಳಿದು ಬೇರಾರೂ ಇಲ್ಲ.

ನಿಮ್ಮ ಕಡೆಯಿಂದ ಬರಬಹುದಾದ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ಕೋಶರಸದಲ್ಲಿ ಕಾಣುವ ಕಂದು ಬಣ್ಣವೆಲ್ಲವೂ ನಿಜವಾದ ಪ್ರೋಟೀನಲ್ಲ, ಅಂಗಾಂಶವನ್ನು ಫಾರ್ಮಲಿನ್ನಿನಲ್ಲಿ ಸಕಾಲಕ್ಕೆ ಇಡದಿದ್ದರೂ ವರ್ಣಲೇಪನದಲ್ಲಿ ಹೆಚ್ಚುಕಡಮೆಯಾದರೂ ಅಂಥ ಬಣ್ಣ ಬರುತ್ತದೆ ಎನ್ನುವಿರಿ, ಅದು ಸತ್ಯ. ಬಣ್ಣ ಹಿಡಿಸಲು ಬಳಸುವ ಒಂದೊಂದು ಪ್ರತಿಕಾಯವೂ ಪ್ರೋಟೀನಿನ ಒಂದೊಂದು ತುದಿಯನ್ನು ಹಿಡಿಯುತ್ತದೆ ಎನ್ನುವಿರಿ. ಅದೂ ಸತ್ಯ: 22ಸಿ3 ಮತ್ತು 28-8 ಎಂಬ ಪ್ರತಿಕಾಯಗಳು ಹೊರಭಾಗವನ್ನು ಹಿಡಿದರೆ, ಎಸ್‌ಪಿ142 ಮತ್ತು ಎಸ್‌ಪಿ263 ಒಳಗಿನ ಬಾಲವನ್ನೇ ಹಿಡಿಯುತ್ತವೆ. ಆದುದರಿಂದಲೇ ನಾನು ಕೋರುವುದು ಹೊಸ ಅಂಕಿಯನ್ನಲ್ಲ, ವರ್ಣನೆಯನ್ನು. ನಿಯಮದಂತೆ ಟಿಪಿಎಸ್ ಬರೆದಾದ ಮೇಲೆ, ‘ಇಂಥ ಪ್ರತಿಕಾಯವನ್ನು ಬಳಸಿದೆ; ನಿಯಂತ್ರಣ ಸ್ಲೈಡು ನಿರ್ಮಲವಾಗಿದೆ; ಕೋಶರಸದಲ್ಲಿ ಬಣ್ಣವಿದೆ ಅಥವಾ ಇಲ್ಲ; ಕೋಶಕೇಂದ್ರದಲ್ಲಿ ಇದೆ ಅಥವಾ ಇಲ್ಲ; ಗಡ್ಡೆಯ ಅಂಚಿನಲ್ಲಿ ಹೆಚ್ಚು ಅಥವಾ ಮಧ್ಯದಲ್ಲಿ ಹೆಚ್ಚು’ ಎಂಬ ಮಾತು ಬಂದರೆ ಸಾಕು. ಅದನ್ನು ಚಿಕಿತ್ಸೆಯ ತೀರ್ಮಾನಕ್ಕೆ ಈಗಲೇ ಬಳಸಬಾರದೆಂದು ಅಲ್ಲಿಯೇ ಸೂಚಿಸಬಹುದು. ರೋಗವು ಯಕೃತ್ತಿಗೋ ಮೆದುಳಿಗೋ ಹರಡಿ, ಅಲ್ಲಿಂದಲೂ ತುಣುಕನ್ನು ತೆಗೆಯುವ ಸಂದರ್ಭ ಬಂದಾಗ, ಮೊದಲ ಗಡ್ಡೆಯ ಸ್ಲೈಡನ್ನು ಕಪಾಟಿನಿಂದ ತರಿಸಿ ಎರಡನ್ನೂ ಒಟ್ಟಿಗೆ ನೋಡುವ ಶ್ರಮವನ್ನು ವಹಿಸಿದರೆ ಅದು ಇನ್ನೂ ಹೆಚ್ಚಿನ ಉಪಕಾರ. ಪ್ಯಾರಾಫಿನ್ ಬ್ಲಾಕುಗಳನ್ನು ಜೋಪಾನವಾಗಿ ಕಾದಿಡುವ ಕೋಣೆಯೂ ಅದಕ್ಕೊಬ್ಬ ಗುಮಾಸ್ತನೂ ಇಲ್ಲದೆಡೆ ಇದಾವುದೂ ನಡೆಯದೆಂಬುದನ್ನು ಆಸ್ಪತ್ರೆಗಳ ಆಡಳಿತದವರಿಗೂ ಈ ಮೂಲಕವೇ ಅರಿಕೆಮಾಡುತ್ತೇನೆ.

ಬರೆದಿಟ್ಟ ವರ್ಣನೆಯಿಂದ ವಿಜ್ಞಾನ ಹುಟ್ಟುವುದೇ ಎಂದು ಸಂಶಯಪಡುವವರಿಗೆ ನಿಮ್ಮ ಶಾಸ್ತ್ರದ ಚರಿತ್ರೆಯೇ ಉತ್ತರ ಹೇಳುತ್ತದೆ. 1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ಶವಪರೀಕ್ಷಾ ದಾಖಲೆಗಳನ್ನು ಕಲೆಹಾಕಿ, ರೋಗವು ಯಕೃತ್ತಿಗೆ ಹೋದಷ್ಟು ಗುಲ್ಮಕ್ಕೆ ಹೋಗದಿರುವುದನ್ನು ಕಂಡು, ಕ್ಯಾನ್ಸರು ಯಾವ ಅಂಗದಲ್ಲಿ ನೆಲಸುತ್ತದೆಂಬುದು ಕೇವಲ ರಕ್ತಪ್ರವಾಹದ ಆಕಸ್ಮಿಕವಲ್ಲವೆಂದು ವಾದಿಸಿದನು. ಹರಡುವಿಕೆಯ ಅಧ್ಯಯನವು ಇಂದಿಗೂ ಆ ವಾದವನ್ನು ಆಧಾರವಾಗಿ ಹಿಡಿದಿದೆ. ಆ ದಾಖಲೆಗಳನ್ನು ಬರೆದವರಿಗೆ ಅವುಗಳಿಂದ ಯಾವ ಸಿದ್ಧಾಂತ ಹೊರಡುವುದೆಂಬ ಕಲ್ಪನೆಯಿರಲಿಲ್ಲ. ಕಂಡುದನ್ನು ಕಂಡಂತೆ ಬರೆದರು, ಅಷ್ಟೆ. ‘ಯಕೃತ್ತಿನಲ್ಲಿ ಗಂಟುಗಳಿವೆ, ಗುಲ್ಮವು ಸಹಜವಾಗಿದೆ’ ಎಂಬಂಥ ಮಾತನ್ನು ಅವರು ಅನಾವಶ್ಯಕವೆಂದು ಬಿಟ್ಟಿದ್ದರೆ ಪ್ಯಾಜೆಟ್ಟನಿಗೆ ವಾದಿಸಲು ಏನೂ ಉಳಿಯುತ್ತಿರಲಿಲ್ಲ.

ಈ ಕಾರ್ಯವು ನಮ್ಮ ದೇಶದಲ್ಲಿಯೇ ನಡೆಯಬೇಕಾದುದಕ್ಕೆ ವಿಶೇಷ ಕಾರಣವಿದೆ. ತಂಬಾಕು, ಅಡಕೆಗಳ ಸೇವನೆಯಿಂದ ಬರುವ ಬಾಯಿಯ ಕ್ಯಾನ್ಸರು ಇಲ್ಲಿ ಹೆಚ್ಚು. ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಕೊಳ್ಳಬಲ್ಲವರು ಕಡಮೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಅಗ್ಗವಾದ ಮಾತ್ರೆಗಳ ಚಿಕಿತ್ಸೆಗೆ ನಿವೊಲುಮಾಬನ್ನು ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ, ಸೇರಿಸಿದಾಗ ಒಂದು ವರ್ಷದ ಬಳಿಕ ಬದುಕಿರುವವರ ಪ್ರಮಾಣವು ಶೇಕಡಾ 16.3ರಿಂದ 43.4ಕ್ಕೆ ಏರಿತು. ಬಡವರಿಗೂ ಎಟುಕುವ ಈ ಮಾರ್ಗವು ನಮ್ಮವರೇ ಕಂಡುಹಿಡಿದುದು. ಇಂಥ ಚಿಕಿತ್ಸೆಯು ಯಾರಿಗೆ ಫಲಿಸುತ್ತದೆ, ಯಾರಲ್ಲಿ ರೋಗವು ಅದನ್ನು ಮೀರಿ ಹರಡುತ್ತದೆ ಎಂಬ ಮುಂದಿನ ಪ್ರಶ್ನೆಗೆ ಬಾಸ್ಟನ್ನಿನ ಇಲಿಗಳಾಗಲಿ ಟೆಕ್ಸಸ್ಸಿನ ಕೋಶಗಳಾಗಲಿ ಪೂರ್ತಿ ಉತ್ತರ ಕೊಡಲಾರವು. ಅದಕ್ಕೆ ನಮ್ಮ ರೋಗಿಗಳ ಅಂಗಾಂಶವೇ ಸಾಕ್ಷಿಯಾಗಬೇಕು, ಆ ಸಾಕ್ಷ್ಯವನ್ನು ನೀವು ಬರೆದಿಟ್ಟಿರಬೇಕು.

ನಿಮ್ಮ ವಿಭಾಗಗಳಲ್ಲಿ ಕೆಲಸದ ಹೊರೆ ಎಷ್ಟೆಂಬುದನ್ನೂ, ಸಂಜೆಯೊಳಗೆ ವರದಿ ಬೇಕೆಂದು ಬಾಗಿಲಲ್ಲಿ ಕಾಯುವವರೆಷ್ಟೆಂಬುದನ್ನೂ ಬಲ್ಲೆನಾದುದರಿಂದ, ಪ್ರತಿಯೊಂದು ಸ್ಲೈಡಿಗೂ ಈ ವರ್ಣನೆಯನ್ನು ನಾಳೆಯಿಂದಲೇ ಬರೆಯಿರೆಂದು ಕೇಳುವ ಧಾರ್ಷ್ಟ್ಯ ನನಗಿಲ್ಲ. ನಾಡಿನ ಎರಡು ಮೂರು ದೊಡ್ಡ ಸಂಸ್ಥೆಗಳ ಪೆಥಾಲಜಿ ವಿಭಾಗದವರು ಒಟ್ಟುಗೂಡಿ, ಒಂದೇ ಪ್ರತಿಕಾಯ, ಒಂದೇ ವಿಧಾನ, ಒಂದೇ ಬಗೆಯ ಶಬ್ದಗಳನ್ನು ನಿಶ್ಚಯಿಸಿಕೊಂಡು, ಬಾಯಿಯ ಮತ್ತು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಮಾತ್ರ ಇದನ್ನು ಆರಂಭಿಸಿ, ಆ ರೋಗಿಗಳ ಮುಂದಿನ ಸ್ಥಿತಿಯೊಡನೆ ಹೋಲಿಸಿನೋಡುವ ಏರ್ಪಾಟನ್ನು ಮಾಡಿದರೆ, ಒಳಗಿನ ಪಿಡಿ-ಎಲ್1 ಹರಡುವಿಕೆಯ ಮುನ್ಸೂಚನೆಯೋ ಅಲ್ಲವೋ ಎಂಬುದು ಕೆಲವೇ ವರ್ಷಗಳಲ್ಲಿ ತೀರ್ಮಾನವಾದೀತು. ಅಲ್ಲವೆಂದು ತೀರ್ಮಾನವಾದರೂ ನಷ್ಟವಿಲ್ಲ. ಹಾಗೆ ತಿಳಿಯುವುದೂ ಜ್ಞಾನವೇ. ಮೊದಲು ಸೇರುವವರು ಯಾರು, ಎಲ್ಲಿ, ಎಂದು ಎಂಬುದನ್ನು ನೀವೇ ನಿಶ್ಚಯಿಸಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ನಿಮ್ಮ ಕಾರ್ಯದಲ್ಲಿ ಗೌರವವುಳ್ಳ
ಒಬ್ಬ ವಿಜ್ಞಾನ ಲೇಖಕ